ಕೊಂಡರೆ ಎರಡು ಕೊಳ್ಳಿ: ಡಿಸ್ಕ್ ಬೀಗ ತೆರೆಯಲು ಯೂಬಿಕೋ ಸೆಕ್ಯುರಿಟಿ ಕೀ, ಮಲೆನಾಡಿನ ಮನೆಗಳ ಲೆಕ್ಕದಲ್ಲಿ

ಲಿನಕ್ಸ್ ಲ್ಯಾಪ್‌ಟಾಪಿನ ಬೀಗ ಹಾಕಿದ (ಎನ್‌ಕ್ರಿಪ್ಟ್ ಮಾಡಿದ) ಡಿಸ್ಕನ್ನು ಪಾಸ್‌ವರ್ಡ್ ಬದಲು ತೆರೆಯಲು ಯುಎಸ್‌ಬಿಗೆ ಚುಚ್ಚುವ ಯೂಬಿಕೋ ಕಂಪನಿಯ ಸೆಕ್ಯುರಿಟಿ ಕೀ ಕೊಳ್ಳುವುದಾದರೆ ಎರಡು ಕೊಳ್ಳಿ. ಒಂದಕ್ಕಷ್ಟೇ ದುಡ್ಡಿದೆ ಎನ್ನುವವರು ಸದ್ಯಕ್ಕೆ ಉದ್ದನೆಯ ಪಾಸ್‌ವರ್ಡ್ ಇಟ್ಟುಕೊಂಡು ಸುಮ್ಮನಿರುವುದೇ ವಾಸಿ. ಬೆಂಗಳೂರಿನಲ್ಲಿ ಕೀ ಕಳೆದರೆ ನಾಳೆಯೋ ನಾಡಿದ್ದೋ ಇನ್ನೊಂದು ಮನೆಬಾಗಿಲಿಗೆ ಬಂದೀತು. ಹೊಸನಗರದ ಆಚೆಯ ಹಳ್ಳಿಗೆ, ಅದೂ ಆಷಾಢದ ಜಡಿಮಳೆಯಲ್ಲಿ, ಕೊರಿಯರ್‌ನವನು ಫೋನ್ ಮಾಡಿ "ಪೇಟೆಗೇ ಬಂದು ತಗೊಂಡ್ಹೋಗಿ ಸಾರ್" ಅನ್ನುವ ಹೊತ್ತಿಗೆ ವಾರ ದಾಟಿರುತ್ತದೆ. ಅಷ್ಟು ದಿನ ಲ್ಯಾಪ್‌ಟಾಪ್ ತೆರೆಯದೆ ಕೂರುವ ಗತಿ ಬರಬಾರದು.

ವಸ್ತು ಚಿಕ್ಕದು: 18 ಮಿಲಿಮೀಟರ್ ಅಗಲ, 45 ಮಿಲಿಮೀಟರ್ ಉದ್ದ, 3 ಗ್ರಾಂ ತೂಕ. ಒಳಗೆ ಬ್ಯಾಟರಿ ಇಲ್ಲ, ಅಲುಗಾಡುವ ಭಾಗ ಇಲ್ಲ. ನೀರು ಧೂಳು ತಡೆಯುವ ಐಪಿ68 ದರ್ಜೆ ಇದೆ, ಹಾಗಾಗಿ ಆಗುಂಬೆ ಘಾಟಿಯಲ್ಲಿ ಬೈಕ್ ಸವಾರಿ ಮಾಡಿ ಅಂಗಿ ಜೇಬೆಲ್ಲ ತೊಯ್ದರೂ ಇದಕ್ಕೇನೂ ಆಗದು. ನಮ್ಮ ಕಡೆ ಮೊದಲು ಕೆಡುವುದು ಕೀ ಅಲ್ಲ, ಲ್ಯಾಪ್‌ಟಾಪಿನ ಯುಎಸ್‌ಬಿ ಪೋರ್ಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿ, ಬೆಲ್ಟು ಎಲ್ಲಕ್ಕೂ ಬೂಷ್ಟು ಹಿಡಿಯುವ ಮನೆಯಲ್ಲಿ ಪೋರ್ಟಿನ ಲೋಹ ಮಾತ್ರ ಹೊಳೆಯುತ್ತಿರುತ್ತದೆಯೇ? ಒದ್ದೆ ಕೀಯನ್ನು ಒರೆಸದೆ ಚುಚ್ಚಬೇಡಿ. ಕೀ ಹಾಕಿದರೂ ದೀಪ ಮಿನುಗದಿದ್ದರೆ, ಕೀ ಹಾಳಾಯಿತು ಎಂದು ತೀರ್ಮಾನಿಸುವ ಮೊದಲು ಬೇರೆ ಪೋರ್ಟಿಗೆ ಹಾಕಿ ನೋಡಿ. ಆಮೇಲೆ ಹತ್ತಿ ಕಡ್ಡಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ, ಯಂತ್ರ ಆಫ್ ಇರುವಾಗ, ಎರಡೂ ಕಡೆಯ ಲೋಹದ ಪಟ್ಟಿ ಒರೆಸಿ.

ಮಾದರಿಯ ವಿಷಯದಲ್ಲಿ ಮೋಸ ಹೋಗುವವರು ಜಾಸ್ತಿ. ಸೆಕ್ಯುರಿಟಿ ಕೀ ಬೇರೆ, ಯೂಬಿಕೀ 5 ಬೇರೆ. ಮೊದಲಿನದು ಹಿಂದೆ ನೀಲಿ ಬಣ್ಣದಲ್ಲಿ ಬರುತ್ತಿತ್ತು. ಈಗ ಎರಡೂ ಕಪ್ಪೇ, ಆದ್ದರಿಂದ ಪೊಟ್ಟಣದ ಮೇಲಿನ ಹೆಸರು ಓದಿಯೇ ಕೊಳ್ಳಬೇಕು. ಯೂಬಿಕೀ 5ರಲ್ಲಿ ಫಿಡೋ2 (ಕೀ ಮುಟ್ಟಿ ಗುರುತು ಸಾಬೀತು ಮಾಡುವ ಪದ್ಧತಿ) ಜೊತೆಗೆ ಸ್ಮಾರ್ಟ್‌ಕಾರ್ಡ್, ಓಪನ್‌ಪಿಜಿಪಿ, ಒಟಿಪಿ ಎಂಬ ಬೇರೆ ಪದ್ಧತಿಗಳೂ ಇವೆ. ಸೆಕ್ಯುರಿಟಿ ಕೀಯಲ್ಲಿ ಫಿಡೋ ಒಂದೇ, ಬೆಲೆಯೂ ಸುಮಾರು ಅರ್ಧ. ಲಿನಕ್ಸ್ ಡಿಸ್ಕ್ ತೆರೆಯಲು ಬೇಕಾದದ್ದು ಫಿಡೋ2 ಮಾತ್ರ. ಒಂದು ಯೂಬಿಕೀ 5ರ ದುಡ್ಡಿಗೆ ಎರಡು ಸೆಕ್ಯುರಿಟಿ ಕೀ ಬರುವಾಗ ಯಾವುದು ಕೊಳ್ಳಬೇಕು ಎಂಬ ಪ್ರಶ್ನೆಯೇ ಏಳಬಾರದು. ಇದರ ಫರ್ಮ್‌ವೇರ್ (ಕೀ ಒಳಗಿನ ತಂತ್ರಾಂಶ) ಆಮೇಲೆ ಅಪ್‌ಡೇಟ್ ಮಾಡಲು ಬರುವುದಿಲ್ಲ. 2024ರಲ್ಲಿ ಹಳೆಯ ಕೀಗಳ ಚಿಪ್ಪಿನಲ್ಲಿ ಒಂದು ದೋಷ ಹೊರಬಿತ್ತು, ಫರ್ಮ್‌ವೇರ್ 5.7ರಿಂದ ಮುಂದಿನವುಗಳಲ್ಲಿ ಅದಿಲ್ಲ. ಕೀ ಕೈಗೆ ಬಂದ ದಿನವೇ ಯೂಬಿಕೋ ಅಥೆಂಟಿಕೇಟರ್ ಆ್ಯಪ್‌ನಲ್ಲಿ ಆವೃತ್ತಿ ನೋಡಿ. ಹಳೆ ಸ್ಟಾಕ್ ಆಗಿದ್ದರೆ ವಾಪಸ್ ಮಾಡಿ.

ಬೀಗ ತೆರೆಯುವ ರೀತಿ ಇಷ್ಟು. ಲಿನಕ್ಸ್‌ನ ಡಿಸ್ಕ್ ಬೀಗದ ಮಾದರಿಗೆ ಲಕ್ಸ್2 ಎಂದು ಹೆಸರು. ಅದರ ಹೆಡರ್‌ನಲ್ಲಿ, ಅಂದರೆ ಡಿಸ್ಕಿನ ಮೊದಲಿಗಿರುವ ಮಾಹಿತಿ ಭಾಗದಲ್ಲಿ, 32 ಕೀ ಸ್ಲಾಟ್‌ಗಳಿಗೆ (ಬೀಗ ತೆರೆಯುವ ದಾರಿಗಳಿಗೆ) ಜಾಗ ಇರುತ್ತದೆ. ನಿಮ್ಮ ಪಾಸ್‌ವರ್ಡ್ ಅದರಲ್ಲಿ ಒಂದು. ಕೀ ಸೇರಿಸಿದಾಗ ಹೆಡರ್‌ನಲ್ಲಿ ಒಂದು ಗುರುತಿನ ಸಂಖ್ಯೆಯೂ ಒಂದು ಸಾಲ್ಟೂ (ಮನಬಂದಂತೆ ಆರಿಸಿದ ಅಂಕಿಗಳ ಸರಣಿ) ಬರೆದಿಡಲಾಗುತ್ತದೆ. ಬೂಟ್ ಆಗುವಾಗ ಆ ಸಾಲ್ಟ್ ಕೀ ಒಳಗೆ ಹೋಗಿ, ಅಲ್ಲಿನ ಗುಟ್ಟಿನ ಜೊತೆ ಕಲೆತು, 32 ಬೈಟಿನ ಉತ್ತರವಾಗಿ ಹೊರಬರುತ್ತದೆ. ಆ ಉತ್ತರವೇ ಸ್ಲಾಟ್ ತೆರೆಯುತ್ತದೆ. ಗುಟ್ಟು ಮಾತ್ರ ಎಂದೂ ಹೊರಗೆ ಬರುವುದಿಲ್ಲ. ಒಂದು ಲಾಭವೂ ಇದೆ: ಪಾಸ್‌ವರ್ಡ್ ಸ್ಲಾಟನ್ನು ಬೇಕೆಂದೇ ನಿಧಾನ ಮಾಡಿರುತ್ತಾರೆ, ಸುಮಾರು ಎರಡು ಸೆಕೆಂಡು ಕಾಯಿಸುತ್ತದೆ. ಕೀ ಸ್ಲಾಟಿಗೆ ಆ ನಿಧಾನ ಬೇಕಿಲ್ಲ, ಮುಟ್ಟಿದ ಕೂಡಲೇ ತೆರೆಯುತ್ತದೆ.

ಜೋಡಿಸಲು ಲಿನಕ್ಸನ್ನು ಎಬ್ಬಿಸಿ ನಡೆಸುವ ಸಿಸ್ಟಮ್‌ಡಿ ತಂತ್ರಾಂಶದ 248ನೇ ಆವೃತ್ತಿ ಅಥವಾ ಹೊಸದು ಬೇಕು, ಲಿಬ್‌ಫಿಡೋ2 ಲೈಬ್ರರಿ ಬೇಕು, ಡಿಸ್ಕ್ ಲಕ್ಸ್2 ಆಗಿರಬೇಕು. ಡಿಸ್ಕ್ ಬೀಗದ ಉಪಕರಣವಾದ ಕ್ರಿಪ್ಟ್‌ಸೆಟಪ್‌ನ ಲಕ್ಸ್‌ಡಂಪ್ ಆದೇಶ ಕೊಟ್ಟರೆ ಲಕ್ಸ್ ಆವೃತ್ತಿ ಮೊದಲ ಸಾಲುಗಳಲ್ಲೇ ಕಾಣುತ್ತದೆ. ಆದೇಶಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದರೂ ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು ಎಂದು ಬೇರೆ ಹೇಳಬೇಕಿಲ್ಲ ತಾನೇ. ಮೊದಲು ಲಕ್ಸ್‌ಹೆಡರ್‌ಬ್ಯಾಕಪ್ ಕೊಟ್ಟು ಹೆಡರ್‌ನ ಪ್ರತಿ ತೆಗೆದು ಪೆನ್‌ಡ್ರೈವ್‌ನಲ್ಲಿ ಇಡಿ. ಸಾಮಾನ್ಯವಾಗಿ 16 ಎಂಬಿ ಇರುತ್ತದೆ, ಒಂದು ನಿಮಿಷದ ಕೆಲಸ, ಯಾರೂ ಮಾಡುವುದಿಲ್ಲ. ಆಮೇಲೆ ಅಥೆಂಟಿಕೇಟರ್‌ನಲ್ಲಿ ಎರಡೂ ಕೀಗಳಿಗೆ ಪಿನ್ ಕೊಡಿ. ಕನಿಷ್ಠ 4 ಅಕ್ಷರ ಸಾಕು, ಆದರೆ 6 ಇರಲಿ. ಈಗ ಒಂದೇ ಒಂದು ಕೀ ಚುಚ್ಚಿ, ಸಿಸ್ಟಮ್‌ಡಿ-ಕ್ರಿಪ್ಟ್‌ಎನ್‌ರೋಲ್‌ಗೆ ಫಿಡೋ2-ಡಿವೈಸ್=ಆಟೋ ಆಯ್ಕೆಯನ್ನೂ ಡಿಸ್ಕ್ ಭಾಗದ ಹೆಸರನ್ನೂ ಕೊಟ್ಟು ಓಡಿಸಿ. ಹಳೆಯ ಪಾಸ್‌ವರ್ಡ್, ಪಿನ್, ಬೆರಳ ಸ್ಪರ್ಶ ಕೇಳುತ್ತದೆ. ಎರಡು ಕೀ ಒಟ್ಟಿಗೆ ಚುಚ್ಚಿದ್ದರೆ ಯಾವುದನ್ನು ಹಿಡಿಯಬೇಕೆಂದು ತಿಳಿಯದೆ ನಿಂತುಬಿಡುತ್ತದೆ, ಅದಕ್ಕೇ ಒಂದೊಂದಾಗಿ. ಕೊನೆಗೆ ಇಷ್ಟನೇ ಸ್ಲಾಟಿಗೆ ಸೇರಿಸಿದೆ ಎಂಬ ಸಾಲು ಬರುತ್ತದೆ. ಆ ಸಂಖ್ಯೆಯನ್ನು ಬರೆದಿಡಿ. ಎರಡನೇ ಕೀಗೆ ಇದನ್ನೇ ಮತ್ತೆ ಮಾಡಿ.

ಪಿನ್ ಬೇಡ, ಮುಟ್ಟಿದರೆ ಸಾಕು ಎಂದು ಹೊಂದಿಸಲೂ ಬರುತ್ತದೆ. ಹಾಗೆ ಮಾಡಬೇಡಿ. ಲ್ಯಾಪ್‌ಟಾಪ್ ಚೀಲದಲ್ಲೇ ಕೀ ಇಟ್ಟು ಶಿವಮೊಗ್ಗ ಬಸ್ಸಿನ ಮೇಲಿನ ಕ್ಯಾರಿಯರ್‌ಗೆ ತುರುಕುವವರು ನಾವು. ಕಳ್ಳನಿಗೆ ಬೀಗದ ಜೊತೆ ಬೀಗದ ಕೈಯೂ ಸಿಗುತ್ತದೆ.

ಇನ್ನು ಉಳಿದದ್ದು ಬೂಟ್ ಹೊತ್ತಿನಲ್ಲಿ ಕೀ ಕೇಳುವಂತೆ ಮಾಡುವುದು, ಬಹಳ ಜನ ಎಡವುವುದೂ ಇಲ್ಲೇ. ಯಾವ ಡಿಸ್ಕನ್ನು ಹೇಗೆ ತೆರೆಯಬೇಕೆಂದು ಹೇಳುವ ಕ್ರಿಪ್ಟ್‌ಟ್ಯಾಬ್ ಕಡತದ ನಾಲ್ಕನೇ ಕಾಲಂನಲ್ಲಿ ಫಿಡೋ2-ಡಿವೈಸ್=ಆಟೋ ಸೇರಿಸಿ. ಫೆಡೋರಾದಲ್ಲಿ ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಶುರುವಿಗೆ ಬೇಕಾದ ಕಡತಗಳ ಗಂಟು) ಕಟ್ಟುವ ಡ್ರಾಕಟ್‌ಗೆ ಫಿಡೋ2 ಮಾಡ್ಯೂಲ್ ಸೇರಿಸಿ ಆ ಗಂಟನ್ನು ಮತ್ತೆ ಕಟ್ಟಬೇಕು. ಆರ್ಚ್‌ನಲ್ಲಿ ಎನ್‌ಕ್ರಿಪ್ಟ್ ಬದಲು ಎಸ್‌ಡಿ-ಎನ್‌ಕ್ರಿಪ್ಟ್ ಹುಕ್ ಬೇಕು. ಉಬುಂಟು 24.04 ಮತ್ತು ಡೆಬಿಯನ್‌ನವರಿಗೆ ಕಹಿ ಸುದ್ದಿ: ಅಲ್ಲಿನ ಇನಿಟ್‌ರಾಮ್‌ಎಫ್‌ಎಸ್-ಟೂಲ್ಸ್ ಈ ಆಯ್ಕೆಯನ್ನು ಅರಿಯದು, ಎಲ್ಲ ಸರಿಯಾಗಿ ಸೇರಿಸಿದ್ದರೂ ಬೂಟ್‌ನಲ್ಲಿ ಪಾಸ್‌ವರ್ಡನ್ನೇ ಕೇಳುತ್ತದೆ. ಡ್ರಾಕಟ್‌ಗೆ ಬದಲಾಯಿಸಿಕೊಳ್ಳಬೇಕು, ಇಲ್ಲವೇ ಎರಡನೇ ಡೇಟಾ ಡಿಸ್ಕಿಗಷ್ಟೇ ಕೀ ಬಳಸಬೇಕು. ಬೂಟ್ ಭಾಗವನ್ನೂ ಎನ್‌ಕ್ರಿಪ್ಟ್ ಮಾಡಿರುವವರಿಗೆ ಲಿನಕ್ಸನ್ನು ಎಬ್ಬಿಸುವ ಬೂಟ್‌ಲೋಡರ್ ಗ್ರಬ್ ಅಡ್ಡ ಬರುತ್ತದೆ, ಅದಕ್ಕೆ ಫಿಡೋ2 ಗೊತ್ತಿಲ್ಲ.

ಕೀ ಹಾಕದೆ ಆನ್ ಮಾಡಿದರೆ ಹೆದರಬೇಡಿ. 30 ಸೆಕೆಂಡು ಕಾದು ತಾನೇ ಪಾಸ್‌ವರ್ಡಿಗೆ ಇಳಿಯುತ್ತದೆ. ಮುಟ್ಟಿ ಎಂಬ ಸೂಚನೆ ಚಿತ್ರದ ಪರದೆಯ ಹಿಂದೆ ಅಡಗಿರಬಹುದು, ಆದ್ದರಿಂದ ಪರದೆ ಬಿಟ್ಟು ಕೀಯ ದೀಪ ನೋಡಿ. ಮಿನುಗಿದಾಗ ಮಾತ್ರ ಮುಟ್ಟಿ.

ಈ ಮಾತು ಯೂಬಿಕೀ 5 ಈಗಾಗಲೇ ಕೊಂಡವರಿಗೆ ಇನ್ನೂ ಮುಖ್ಯ. ಅದರ ಒಟಿಪಿ ಭಾಗ ಕೀಬೋರ್ಡ್‌ನಂತೆ ವರ್ತಿಸುತ್ತದೆ. ಅವಸರದಲ್ಲಿ ಮೊದಲೇ ಮುಟ್ಟಿದರೆ 44 ಅಕ್ಷರ ಟೈಪ್ ಮಾಡಿ ಎಂಟರ್ ಕೂಡ ಒತ್ತಿಬಿಡುತ್ತದೆ. ಪಿನ್ ಕೇಳುವ ಜಾಗಕ್ಕೆ ಅದು ಬಿದ್ದರೆ ಒಂದು ತಪ್ಪು ಪಿನ್ ಲೆಕ್ಕಕ್ಕೆ ಸೇರಿತು. ಮೂರು ಸಲ ತಪ್ಪಿದರೆ ಕೀ ತೆಗೆದು ಮತ್ತೆ ಚುಚ್ಚಬೇಕು, ಒಟ್ಟು ಎಂಟಾದರೆ ಫಿಡೋ ಭಾಗಕ್ಕೇ ಬೀಗ. ರಿಸೆಟ್ ಮಾಡಬಹುದು, ಆದರೆ ಒಳಗಿನ ಗುಟ್ಟು ಅಳಿಸಿಹೋಗುತ್ತದೆ, ಆ ಕೀಯ ಹಳೆಯ ಸ್ಲಾಟ್ ಮತ್ತೆ ತೆರೆಯದು. ಯೂಬಿಕೋ ಅಥೆಂಟಿಕೇಟರ್‌ನಲ್ಲಿ ಯುಎಸ್‌ಬಿ ಒಟಿಪಿ ಆಫ್ ಮಾಡಿಡಿ. ಸೆಕ್ಯುರಿಟಿ ಕೀಗೆ ಈ ತಾಪತ್ರಯವೇ ಇಲ್ಲ.

ಎರಡು ಕೀ ಇದ್ದರೂ ಅವು ಕೈಕೊಟ್ಟಾಗ ಡಿಸ್ಕ್ ತೆರೆಯುವ ರಿಕವರಿ ಕೀ ಬೇಕೇ ಬೇಕು. ಸಿಸ್ಟಮ್‌ಡಿ-ಕ್ರಿಪ್ಟ್‌ಎನ್‌ರೋಲ್ ಆದೇಶಕ್ಕೇ ರಿಕವರಿ-ಕೀ ಆಯ್ಕೆ ಕೊಟ್ಟರೆ ಎಂಟೆಂಟರ ಎಂಟು ಗುಂಪಾಗಿ 64 ಅಕ್ಷರ ಬರುತ್ತದೆ. ಇದನ್ನು ಫೋಟೋ ತೆಗೆದು ಜೆರಾಕ್ಸ್ ಅಂಗಡಿಯ ವಾಟ್ಸಾಪ್‌ಗೆ ಕಳಿಸಿ ಪ್ರಿಂಟ್ ಹಾಕಿಸುವ ಯೋಚನೆ ಬೇಡ, ಅಂಗಡಿಯವನ ಫೋನಿನಲ್ಲಿ ಬೀಗದ ಕೈ ಉಳಿಯುತ್ತದೆ. ಕೈಯಲ್ಲೇ ಬರೆಯಿರಿ. ಅದರಲ್ಲಿ ಅಂಕೆಗಳಿಲ್ಲ, ಬಳಸುವುದು ಹದಿನಾರೇ ಇಂಗ್ಲಿಷ್ ಅಕ್ಷರ. ಆದರೂ ಸಣ್ಣಕ್ಷರದ ಐ ಮತ್ತು ಎಲ್, ಯು ಮತ್ತು ವಿ ಕೈಬರಹದಲ್ಲಿ ಒಂದಕ್ಕೊಂದು ಬೆರೆಯುತ್ತವೆ, ಅವನ್ನು ಬಿಡಿಸಿ ಬರೆಯಿರಿ. ಜೆಲ್ ಪೆನ್ನಿನ ಶಾಯಿ ಮಳೆಗಾಲದ ತೇವಕ್ಕೆ ಹರಡುತ್ತದೆ, ಪೆನ್ಸಿಲ್ ಹರಡುವುದಿಲ್ಲ. ಪ್ಲಾಸ್ಟಿಕ್ ಲಕೋಟೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ, ಲ್ಯಾಪ್‌ಟಾಪ್ ಇರದ ಮನೆಯಲ್ಲಿ ಇಡಿ. ಎರಡನೇ ಕೀಯೂ ಅಲ್ಲೇ ಇರಲಿ. ಒಮ್ಮೆ ಆ ಕಾಗದ ನೋಡಿಕೊಂಡೇ ಬೂಟ್ ಮಾಡಿ ಪರೀಕ್ಷಿಸಿ.

ಕಂಪ್ಯೂಟರಿನಲ್ಲೇ ಇದ್ದು ಬೀಗದ ಗುಟ್ಟು ಕಾಯುವ ಟಿಪಿಎಂ ಚಿಪ್ಪು ಪುಕ್ಕಟೆಯಲ್ಲವೇ ಎಂದು ಕೇಳಬಹುದು. ಕರೆಂಟು ಹೋಗಿ ಬಂದ ಮೇಲೆ ತಾನೇ ಏಳಬೇಕಾದ ಮಂಡಿ ಸರ್ವರ್‌ಗೆ ಅದೇ ಸರಿ. ಸೆಕ್ಯುರಿಟಿ ಕೀ ಅಲ್ಲಿ ನಿಷ್ಪ್ರಯೋಜಕ, ಯಾರಾದರೂ ಬಂದು ಮುಟ್ಟುವವರೆಗೆ ಸರ್ವರ್ ಕಾಯುತ್ತಲೇ ಇರುತ್ತದೆ. ಆದರೆ ಏಪ್ರಿಲ್ ಮೇ ತಿಂಗಳ ಗುಡುಗು ಸಿಡಿಲಿಗೆ ಮದರ್‌ಬೋರ್ಡ್ ಸುಟ್ಟರೆ ಟಿಪಿಎಂ ಕೂಡ ಅದರ ಜೊತೆ ಹೋಯಿತು. ಕೀ ಸೇರಿಸಿದ ಡಿಸ್ಕನ್ನು ಬಿಚ್ಚಿ ಇನ್ನೊಂದು ಲಿನಕ್ಸ್ ಯಂತ್ರಕ್ಕೆ ಹಾಕಿದರೆ ಅದೇ ಪಿನ್ನು, ಅದೇ ಸ್ಪರ್ಶಕ್ಕೆ ತೆರೆದುಕೊಳ್ಳುತ್ತದೆ. ತೆರಿಗೆ ಲೆಕ್ಕ ನೋಡುವವರು, ವಕೀಲರು ಈ ಒಂದು ಕಾರಣಕ್ಕೇ ಕೊಳ್ಳಬಹುದು.

ವಿಂಡೋಸ್‌ನವರು ಬಿಡಿ. ಅಲ್ಲಿನ ಡಿಸ್ಕ್ ಬೀಗವಾದ ಬಿಟ್‌ಲಾಕರ್‌ನ ಬೂಟ್ ಡ್ರೈವ್ ಫಿಡೋ2 ಕೀಗೆ ತೆರೆಯುವುದಿಲ್ಲ. ಸ್ಮಾರ್ಟ್‌ಕಾರ್ಡ್ ರೂಪದಲ್ಲಿ ಡೇಟಾ ಡ್ರೈವ್ ತೆರೆಯಬಹುದು, ಅದಕ್ಕೆ ಯೂಬಿಕೀ 5 ಬೇಕು.

ಮತ್ತೊಂದು: ಡಿಸ್ಕ್ ಬೀಗ ಕಾಯುವುದು ಆಫ್ ಆದ ಯಂತ್ರವನ್ನು. ಮುಚ್ಚಳ ಮಡಚಿ ಸ್ಲೀಪ್‌ನಲ್ಲಿಟ್ಟರೆ ಡಿಸ್ಕ್ ಕೀ ಮೆಮೊರಿಯಲ್ಲೇ ಇರುತ್ತದೆ. ಪ್ರಯಾಣಕ್ಕೆ ಹೊರಡುವಾಗ ಶಟ್‌ಡೌನ್ ಮಾಡಿ.

ಒಂದು ಕೀ ಕಳೆದೇ ಹೋದರೆ ಅದರ ಸ್ಲಾಟ್ ಅಳಿಸಬೇಕು. ಸಿಸ್ಟಮ್‌ಡಿ-ಕ್ರಿಪ್ಟ್‌ಎನ್‌ರೋಲ್‌ನ ವೈಪ್-ಸ್ಲಾಟ್ ಆಯ್ಕೆಗೆ ಫಿಡೋ2 ಎಂದು ಕೊಟ್ಟರೆ ಉಳಿದ ಕೀಯ ಸ್ಲಾಟೂ ಅಳಿಸಿಹೋಗುತ್ತದೆ, ಅದಕ್ಕೇ ಸೇರಿಸುವಾಗ ಸಂಖ್ಯೆ ಬರೆದಿಡಿ ಎಂದದ್ದು. ಆ ಸಂಖ್ಯೆಯನ್ನಷ್ಟೇ ಕೊಡಿ. ಆಮೇಲೆ ಹಳೆಯ ಹೆಡರ್ ಪ್ರತಿಯನ್ನು ಹುಡುಕಿ ಅಳಿಸಿ, ಹೊಸದು ತೆಗೆಯಿರಿ. ಹಳೆ ಪ್ರತಿಯಲ್ಲಿ ಕಳೆದ ಕೀಯ ಸ್ಲಾಟ್ ಇನ್ನೂ ಜೀವಂತವಾಗಿರುತ್ತದೆ.