ಪೆಟ್ಟಿಗೆ, ಮಾಂಟೆಸ್ಸರಿ, ನಲಿ-ಕಲಿ, ಎನ್‌ಸಿಇಆರ್‌ಟಿ: ಮನೆಯಲ್ಲೇ ಕಲಿಸಲು ಯಾವುದು?

ಆರು ತುಂಬಿದ ಮಗಳಿಗೆ ಮನೆಯಲ್ಲೇ ಕಲಿಸುತ್ತಿದ್ದೇವೆ ಎಂದರೆ ಮೈಸೂರಿನ ಕುವೆಂಪುನಗರದ ನಮ್ಮ ಬೀದಿಯಲ್ಲಿ ಎರಡು ಪ್ರಶ್ನೆ ಗ್ಯಾರಂಟಿ. 'ಯಾಕಮ್ಮ, ಏನಾಯ್ತು?' ಅನ್ನೋದು ಮೊದಲನೆಯದು. 'ಯಾವ ಸಿಲೆಬಸ್?' ಅನ್ನೋದು ಎರಡನೆಯದು. ಮೊದಲನೆಯದು ನಮ್ಮ ಮನೆಯ ವಿಷಯ, ಇಲ್ಲಿ ಬೇಡ. ಎರಡನೆಯದನ್ನು ಬಿಡಿಸಿ ಬರೆಯುತ್ತೇನೆ. ನಾಲ್ಕು ಬಗೆಯನ್ನು ಮನೆಯಲ್ಲಿ ಓಡಿಸಿ ನೋಡಿದ್ದೇವೆ: ವಿದೇಶದಿಂದ ಬರುವ ರೆಡಿಮೇಡ್ ಪಾಠದ ಪೆಟ್ಟಿಗೆ, ಸಾಮಾನು ಮುಟ್ಟಿ ಮಾಡಿ ಕಲಿಯುವ ಮಾಂಟೆಸ್ಸರಿ, ನಮ್ಮ ಸರ್ಕಾರಿ ಶಾಲೆಗಳಲ್ಲಿ ಕಾರ್ಡು ಹಿಡಿದು ಕಲಿಯುವ ನಲಿ-ಕಲಿ, ಕೇಂದ್ರ ಸರ್ಕಾರದ ಎನ್‌ಸಿಇಆರ್‌ಟಿ ಸಂಸ್ಥೆಯ ಪಠ್ಯಪುಸ್ತಕಗಳು.

ಮಗು ಎಷ್ಟು ಕಲಿಯಿತು ಅಂತ ಎಲ್ಲರೂ ನೋಡುತ್ತಾರೆ. ನಾನು ಅದರ ಜೊತೆ ಇನ್ನೊಂದು ನೋಡುತ್ತೇನೆ: ಹಿಂದಿನ ರಾತ್ರಿ ನಾನು ಎಷ್ಟು ಹೊತ್ತು ತಯಾರಿಗೆ ಕೂರಬೇಕು? ನಮ್ಮ ಯಜಮಾನರು ಬೆಳಿಗ್ಗೆ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾಕ್ಕೆ ಹೊರಟರೆ ಬರುವುದು ಸಂಜೆಗೆ. ಮಧ್ಯಾಹ್ನ ನಾನು ಕೆಲವು ಅಂಗಡಿಗಳ ಜಿಎಸ್‌ಟಿ ಲೆಕ್ಕ ನೋಡಿಕೊಳ್ಳುತ್ತೇನೆ. ಪಾಠಕ್ಕೆ ಸಿಗುವುದು ತಿಂಡಿ ಆದ ಮೇಲಿನ ಒಂದಿಷ್ಟು ಹೊತ್ತು, ಅಷ್ಟೇ. ರಾತ್ರಿಯೂ ಕತ್ತರಿ, ಗೋಂದು ಹಿಡಿದು ಕೂರಿಸುವ ಸಿಲೆಬಸ್ ಎಷ್ಟೇ ಚೆಂದ ಇರಲಿ, ತಿಂಗಳೊಳಗೆ ಮಕಾಡೆ ಮಲಗುತ್ತದೆ.

ಕಾನೂನಿನ ಬಗ್ಗೆ ಕೇಳುವವರು ಜಾಸ್ತಿ, ಅದನ್ನೂ ಹೇಳಿಬಿಡುತ್ತೇನೆ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಉಚಿತ, ಕಡ್ಡಾಯ ಶಿಕ್ಷಣ ಎನ್ನುತ್ತದೆ. ಮನೆಯಲ್ಲಿ ಕಲಿಸುವುದರ ಬಗ್ಗೆ ಅದರಲ್ಲಿ ನೇರವಾಗಿ ಏನೂ ಹೇಳಿಲ್ಲ. ಮುಂದೆ ಹತ್ತನೇ ಕ್ಲಾಸಿಗೆ ಕೇಂದ್ರದ ಮುಕ್ತ ಶಾಲೆ ಎನ್‌ಐಓಎಸ್ ಇದೆ, 14 ವರ್ಷ ಆದವರು ಸೇರಬಹುದು. ಆರು ವರ್ಷದ ಮಗುವಿಗೆ ಪುಸ್ತಕ ಆರಿಸುವಾಗ ಹತ್ತನೇ ಕ್ಲಾಸಿನ ಚಿಂತೆಯನ್ನು ಈಗಲೇ ತಲೆಗೆ ಹಚ್ಚಿಕೊಳ್ಳಬೇಡಿ.

ಮೊದಲು ಪೆಟ್ಟಿಗೆ. ಪರಿಚಯದವರಿಂದ ಸೆಕೆಂಡ್ ಹ್ಯಾಂಡ್ ಸಿಕ್ಕಿದ್ದು, ಅಮೆರಿಕದ್ದು. ತಯಾರಿಯ ಲೆಕ್ಕದಲ್ಲಿ ಇದಕ್ಕೆ ನೂರಕ್ಕೆ ನೂರು. ಇವತ್ತು ಯಾವ ಪುಟ, ಅಮ್ಮ ಏನು ಕೇಳಬೇಕು, ಮಗು ಏನು ಹೇಳಬಹುದು, ಎಲ್ಲ ಅಚ್ಚು ಹಾಕಿ ಕೊಟ್ಟಿರುತ್ತಾರೆ. ಪುಸ್ತಕ ತೆಗೆದು ಓದಿದರೆ ಆಯಿತು. ತೊಂದರೆ ಬೇರೆ ಕಡೆ. ಚಿಲ್ಲರೆಯ ಪಾಠದಲ್ಲಿ ಪೆನ್ನಿ, ನಿಕಲ್, ಡೈಮ್. ಹತ್ತು ಸೆಂಟಿನ ಡೈಮ್ ಐದು ಸೆಂಟಿನ ನಿಕಲ್‌ಗಿಂತ ಚಿಕ್ಕದು. 'ಚಿಕ್ಕದಕ್ಕೆ ಯಾಕೆ ಜಾಸ್ತಿ ದುಡ್ಡು?' ಅಂತ ಮಗಳು ಕೇಳಿದಳು. ಒಳ್ಳೆ ಪ್ರಶ್ನೆಯೇ. ಆದರೆ ಎಳನೀರಿನವರಿಗೆ ಡೈಮ್ ಕೊಡುವ ಪ್ರಸಂಗ ಅವಳಿಗೆ ಯಾವತ್ತೂ ಬರುವುದಿಲ್ಲ. ಅಕ್ಟೋಬರ್ ಪಾಠದಲ್ಲಿ ಎಲೆ ಕೆಂಪಾಗಿ ಉದುರುತ್ತದೆ. ಇಲ್ಲಿ ಅಕ್ಟೋಬರ್ ಅಂದರೆ ದಸರಾ, ಛತ್ರಿ ಹಿಡಿದುಕೊಂಡು ದೀಪಾಲಂಕಾರ ನೋಡುವ ಕಾಲ. ನಮ್ಮ ಹೊಂಗೆ ಮರ ಎಲೆ ಉದುರಿಸುವುದು ಸಂಕ್ರಾಂತಿ ಕಳೆದ ಮೇಲೆ.

ಪೆಟ್ಟಿಗೆ ಅಟ್ಟಕ್ಕೆ ಹೋಯಿತು. ಆದರೆ ಅದು ಹಿಡಿದಿದ್ದ ದಾರಿ ಬ್ರಿಟನ್ನಿನ ಶಿಕ್ಷಣತಜ್ಞೆ ಶಾರ್ಲೆಟ್ ಮೇಸನ್ (1842–1923) ಅವರದು. ಅದರಿಂದ ಮೂರು ಅಭ್ಯಾಸ ಉಳಿಸಿಕೊಂಡಿದ್ದೇವೆ. ಒಂದು ಪಾಠ ಇಪ್ಪತ್ತು ನಿಮಿಷ ದಾಟಬಾರದು. ಕಥೆ ಓದಿದ ಮೇಲೆ ಪ್ರಶ್ನೆ ಕೇಳುವುದಿಲ್ಲ, ಮಗುವೇ ತನ್ನ ಮಾತಲ್ಲಿ ತಿರುಗಿ ಹೇಳಬೇಕು. ಮತ್ತೆ, ಹೊರಗೆ ಕಂಡದ್ದನ್ನು ಬರೆಯುವ ಒಂದು ಪುಸ್ತಕ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಕೂತು ಹೆಜ್ಜಾರ್ಲೆ, ನೀರುಕಾಗೆ ಬಿಡಿಸುತ್ತಾಳೆ. ಹೆಜ್ಜಾರ್ಲೆಯ ಕೊಕ್ಕಿನ ಕೆಳಗಿನ ಚೀಲಕ್ಕೇ ಅರ್ಧ ಪುಟ. ಇದಕ್ಕೆ ಪೆಟ್ಟಿಗೆಯೂ ಬೇಡ, ದುಡ್ಡೂ ಬೇಡ.

ಮಾಂಟೆಸ್ಸರಿ ಬಗ್ಗೆ ನಮ್ಮ ಮನೆಯಲ್ಲಿ ಎರಡು ಮಾತಿದೆ. ಕೈಕೆಲಸದ ಭಾಗ ನಮ್ಮ ಅತ್ತೆಗೆ ಬಲು ಇಷ್ಟ. ಸುರಿಯುವುದು, ಸೋಸುವುದು, ಬಿಡಿಸುವುದು ಎಲ್ಲ ಪಾಠವೇ ಅಂತ ಗೊತ್ತಾದ ಮೇಲೆ ಅವರೆಕಾಯಿ ಕಾಲದಲ್ಲಿ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡುಬಿಟ್ಟರು. ನೆನೆಸಿದ ಕಾಳನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಒತ್ತಿದರೆ ಬೇಳೆ ಚಿಮ್ಮುತ್ತದೆ. ಪೆನ್ಸಿಲ್ ಹಿಡಿತಕ್ಕೆ ಬೇಕಾದ ಬೆರಳುಗಳೂ ಅವೇ. ಹಿತಕಿದ ಬೇಳೆ ಸಾರಂತೂ ಬೋನಸ್.

ಸಾಮಾನಿನ ಭಾಗ ಮಾತ್ರ ಮನೆಗೆ ಹೊಂದುವುದಿಲ್ಲ. ಗುಲಾಬಿ ಗೋಪುರ ಅಂತ ಇದೆ. ಒಂದು ಸೆಂಟಿಮೀಟರಿನಿಂದ ಹತ್ತು ಸೆಂಟಿಮೀಟರಿನವರೆಗೆ ಹತ್ತು ಮರದ ಘನಗಳು. ಶಾಲೆಯಲ್ಲಿ ಮೂರರಿಂದ ಆರು ವರ್ಷದ ಮಕ್ಕಳು ಒಬ್ಬರಾದ ಮೇಲೆ ಒಬ್ಬರು ಬಳಸುತ್ತಾರೆ, ವರ್ಷ ವರ್ಷವೂ ಕೆಲಸ ಮಾಡುತ್ತದೆ. ಮನೆಯಲ್ಲಿ ಒಂದೇ ಮಗು. ಅವಳಿಗೆ ಕರಗತ ಆದ ದಿನ ಅದರ ಕೆಲಸ ಮುಗಿಯಿತು. ಚಿನ್ನದ ಬಣ್ಣದ ಮಣಿಗಳಿಗೆ ಮಾತ್ರ ನನ್ನ ವೋಟು. ಬಿಡಿ ಮಣಿ ಒಂದು, ಹತ್ತರ ಕಡ್ಡಿ, ನೂರರ ಚೌಕ, ಸಾವಿರದ ಘನ. ಸಂತೆಪೇಟೆಯಿಂದ ಹಳದಿ ಮಣಿ ತಂದೆ, ಅತ್ತೆ ತಂತಿಗೆ ಪೋಣಿಸಿ ಕಡ್ಡಿ ಮಾಡಿಕೊಟ್ಟರು. ಹತ್ತು ಕಡ್ಡಿ ಸೇರಿಸಿ ಕಟ್ಟಿದ ಚೌಕ ಕೈಗೆ ಬಂದಾಗ ನೂರು ಅಂದರೆ ಎಷ್ಟು ಅಂತ ಮಗುವಿಗೆ ಬಾಯಿಮಾತಿನಲ್ಲಿ ಹೇಳಬೇಕಾಗಲಿಲ್ಲ.

ಇನ್ನೊಂದು ತೊಡಕು ಕನ್ನಡದ್ದು. ಮಾಂಟೆಸ್ಸರಿಯಲ್ಲಿ ಬಿಡಿ ಅಕ್ಷರಗಳನ್ನು ಜೋಡಿಸಿ ಪದ ಕಟ್ಟಿಸುತ್ತಾರೆ. ಇಂಗ್ಲಿಷಿಗೆ 26 ಅಕ್ಷರ, ಒಂದು ಡಬ್ಬಿ ಸಾಕು. ಕನ್ನಡಕ್ಕೆ 49 ಅಕ್ಷರ, ಅದರ ಮೇಲೆ ಕಾಗುಣಿತ, ಅದರ ಕೆಳಗೆ ಒತ್ತು. ಕತ್ತರಿಸುತ್ತಾ ಹೋದರೆ ದಿವಾನ್ ತುಂಬ ಅಕ್ಷರ. ರಾತ್ರಿ ತಯಾರಿ ಅಂದೆನಲ್ಲ, ಇದೇ ಅದು.

ಈಗ ನಲಿ-ಕಲಿ. ಇದನ್ನು ಯಾಕೆ ನಮ್ಮ ಊರಿನವರೇ ಮರೆತರೋ ಗೊತ್ತಿಲ್ಲ. ಇದು ಶುರುವಾಗಿದ್ದೇ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ, 1995ರಲ್ಲಿ, ಯುನಿಸೆಫ್ ನೆರವಿನಿಂದ. ನಮ್ಮ ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ಅಲ್ಲಿನ ಪದ್ಧತಿ ನೋಡಿಕೊಂಡು ಬಂದು ಇಲ್ಲಿಗೆ ಒಗ್ಗಿಸಿದರು. ಆಮೇಲೆ ಇಡೀ ರಾಜ್ಯಕ್ಕೆ ಹೋಯಿತು, ಒಂದರಿಂದ ಮೂರನೇ ತರಗತಿಗೆ. ಎಲ್ಲರೂ ಹೊಗಳುವ ವಿದೇಶಿ ಪದ್ಧತಿಗಳ ಮಧ್ಯೆ ಇದರ ಹೆಸರು ಎತ್ತುವವರೇ ಕಮ್ಮಿ.

ಇದರಲ್ಲಿ ಅ ಆ ಇ ಈ ಅಂತ ಶುರುವಾಗುವುದಿಲ್ಲ. ಮೊದಲು ಬರುವುದು ರ, ಗ, ಸ, ದ, ಅ. ನಮ್ಮ ಮಾವನಿಗೆ ಇದು ಒಂದಿಷ್ಟೂ ಹಿಡಿಸಲಿಲ್ಲ. 'ಅಕ್ಷರಾಭ್ಯಾಸ ರಕಾರದಿಂದಾ? ಓಂನಾಮ ಯಾವಾಗ?' ಅಂದರು. ಆದರೆ ಈ ಐದೇ ಅಕ್ಷರದಲ್ಲಿ ಏನೇನು ಬರುತ್ತದೆ ನೋಡಿ: ಸರ, ದರ, ಅರಸ, ಅಗಸ, ಗರಗಸ. ಕಾಗುಣಿತ ಇಲ್ಲ, ಒತ್ತು ಇಲ್ಲ. ಅಕ್ಷರ ಕಲಿತ ವಾರದಲ್ಲೇ ಮಗು ಗರಗಸ ಅಂತ ಓದಿ, ಪಕ್ಕದ ಮನೆಯ ಕೆಲಸಕ್ಕೆ ಬಂದಿದ್ದ ಬಡಗಿಯ ಕೈಯಲ್ಲಿ ಅದನ್ನೇ ತೋರಿಸಿದಳು. ವರ್ಣಮಾಲೆಯ ಕ್ರಮದಲ್ಲಿ ಹೋಗಿದ್ದರೆ ಮೊದಲ ಐದು ಅಕ್ಷರ ಅ ಆ ಇ ಈ ಉ. ಅದರಲ್ಲಿ ಓದಲು ಒಂದು ಪದ ಹೇಳಿ ನೋಡೋಣ? ಇಂಗ್ಲಿಷ್ ಓದು ಕಲಿಸುವ ಜಾಲಿ ಫೋನಿಕ್ಸ್ ಪದ್ಧತಿ ಕೂಡ ಎ ಬಿ ಸಿ ಬಿಟ್ಟು ಎಸ್, ಎ, ಟಿ, ಐ, ಪಿ, ಎನ್ ಅಂತ ಶುರು ಮಾಡುವುದು ಇದೇ ಲೆಕ್ಕಾಚಾರದ ಮೇಲೆ. ಅದನ್ನು ಕೇಳಿದ ಮೇಲೆ ಮಾವ ಸ್ವಲ್ಪ ತಣ್ಣಗಾದರು. ಇಂಗ್ಲಿಷಿನವರೂ ಮಾಡುತ್ತಾರೆ ಅಂದರೆ ಒಪ್ಪಿಗೆ, ಅಲ್ವಾ!

ನಲಿ-ಕಲಿಯ ಕಾರ್ಡುಗಳು ಅಂಗಡಿಯಲ್ಲಿ ಸಿಗುವುದಿಲ್ಲ. ಪಾಂಡವಪುರದ ಕಡೆ ಸರ್ಕಾರಿ ಶಾಲೆಯಲ್ಲಿರುವ ನಮ್ಮ ನಾದಿನಿ ಪಿಡಿಎಫ್ ಕಳಿಸಿದಳು, ಸರಸ್ವತಿಪುರಂನಲ್ಲಿ ಪ್ರಿಂಟ್ ತೆಗೆಸಿ ಲ್ಯಾಮಿನೇಷನ್ ಮಾಡಿಸಿದೆ. ಕಳಿಸುವಾಗಲೇ ಹೇಳಿದ್ದಳು: 'ಇದು ಒಂದು ಮಗೀಗೆ ಅಂತ ಮಾಡಿದ್ದಲ್ಲ ಕಣತ್ತಿಗೆ, ಒಂದು ರೂಮಿನ ಮಕ್ಕಳಿಗೆ.' ಅದು ನಿಜ. ಐದು ತಟ್ಟೆ ಅಂತ ಗುಂಪು ಮಾಡುತ್ತಾರೆ. ಮೇಷ್ಟ್ರ ಪೂರ್ತಿ ಸಹಾಯ ಬೇಕಾದವರದ್ದು ಒಂದು ತಟ್ಟೆ, ಜೊತೆಯವರಿಂದ ಕಲಿಯುವವರದ್ದು ಇನ್ನೊಂದು, ತಾವೇ ಕಲಿಯುವವರದ್ದು ಮತ್ತೊಂದು, ಹೀಗೆ. ಇದನ್ನು ಮನೆಯಲ್ಲಿ ಮಾಡಲು ಹೋದರೆ ಮದುವೆ ಮನೆ ಹಂಡೆಯಲ್ಲಿ ಇಬ್ಬರಿಗೆ ಸಾರು ಕಾಯಿಸಿದ ಹಾಗೆ. ತಟ್ಟೆಗಳನ್ನು ಬಿಟ್ಟು, ಯಾವ ಕಾರ್ಡಾದ ಮೇಲೆ ಯಾವುದು ಅಂತ ತೋರಿಸುವ ಕಲಿಕಾ ಏಣಿ ಮಾತ್ರ ಇಟ್ಟುಕೊಂಡೆ. ಕಾರ್ಡಿನ ಮೇಲಿರುವ ಚಿಕ್ಕ ಚಿತ್ರವೇ ಏಣಿಯ ಮೇಲೂ ಇರುತ್ತದೆ. ಓದಲು ಬಾರದ ಮಗುವೂ ಮುಂದಿನ ಕಾರ್ಡು ತಾನೇ ಹುಡುಕಿಕೊಳ್ಳುತ್ತದೆ. ಬೆಳಿಗ್ಗೆ ನಾನು ಚಟ್ನಿ ರುಬ್ಬುವಷ್ಟರಲ್ಲಿ ಅವಳ ಕಾರ್ಡು ಮೇಜಿನ ಮೇಲಿರುತ್ತದೆ.

ಗಣಿತಕ್ಕೆ ಎನ್‌ಸಿಇಆರ್‌ಟಿ. 2022ರಲ್ಲಿ ಬಂದ ಬುನಾದಿ ಹಂತದ ಪಠ್ಯಕ್ರಮದ ಚೌಕಟ್ಟಿನ ಮೇಲೆ 2023ರಲ್ಲಿ ಒಂದನೇ ಕ್ಲಾಸಿಗೆ ಹೊಸ ಪುಸ್ತಕಗಳು ಬಂದವು. ಪಿಡಿಎಫ್ ಪುಕ್ಕಟೆ. ಎನ್‌ಸಿಇಆರ್‌ಟಿಯ ಪ್ರಾದೇಶಿಕ ಶಿಕ್ಷಣ ಸಂಸ್ಥೆ 1963ರಿಂದ ನಮ್ಮ ಮಾನಸಗಂಗೋತ್ರಿಯ ಪಕ್ಕದಲ್ಲೇ ಇದೆ. ಆದರೂ ನಾನು ನೋಡಿದಾಗ ಗಣಿತದ ಪುಸ್ತಕ ಸಿಕ್ಕಿದ್ದು ಇಂಗ್ಲಿಷ್, ಹಿಂದಿ, ಉರ್ದುವಿನಲ್ಲಿ. ನಾನು ಇಂಗ್ಲಿಷ್ ನೋಡಿಕೊಂಡು ಕನ್ನಡದಲ್ಲಿ ಹೇಳುತ್ತೇನೆ. ಹಿಂದಿ ಭಾಷೆ ಕಲಿಸುವ ಪುಸ್ತಕ ಸದ್ಯಕ್ಕೆ ನಮಗೆ ಬೇಡ. ಇಂಗ್ಲಿಷ್ ಭಾಷೆ ಕಲಿಸುವ ಪುಸ್ತಕ ಚಿತ್ರ ನೋಡಲು ಚೆನ್ನಾಗಿದೆ, ಓದು ಕಲಿಸುವ ಕೆಲಸ ಅದರಿಂದ ಆಗುವುದಿಲ್ಲ.

ಗಣಿತ ಮಾತ್ರ ಗಟ್ಟಿ. ಬರೀ ಲೆಕ್ಕ ಅಲ್ಲ, ಒಳಗೆ-ಹೊರಗೆ, ಉದ್ದ-ಗಿಡ್ಡ, ಆಕಾರ, ದುಡ್ಡು, ಹೊತ್ತು ಎಲ್ಲವೂ ಇದೆ. ಸ್ಕೇಲ್ ಹಿಡಿಯುವ ಮೊದಲು ಗೇಣು, ಹೆಜ್ಜೆಯಲ್ಲಿ ಅಳೆಸುತ್ತಾರೆ. ಆ ಪಾಠ ಆದ ದಿನ ಸಂಜೆ ಹೂವಿನಮ್ಮ ಬಂದರು. ಅವರು ಮೊಣಕೈಯಿಂದ ಬೆರಳ ತುದಿಗೆ ಎಳೆದು ಒಂದು ಮೊಳ ಮಲ್ಲಿಗೆ ಕೊಟ್ಟರು. ಮಗಳು ಅದನ್ನೇ ತನ್ನ ಕೈಗೆ ಹಿಡಿದು ಅಳೆದಳು. 'ಅಜ್ಜಿ, ಒಂದು ಮೊಳ ಆಗಿ ಇನ್ನೂ ಮಿಕ್ಕಿದೆ!' ಹೂವಿನಮ್ಮ ನಕ್ಕು, 'ನಾಳೆಯಿಂದ ನೀನೇ ಅಳೆದು ಮಾರು ಕೂಸೆ, ನನಗೆ ಲಾಭ' ಅಂದರು. ಅಂಗಡಿಯಲ್ಲಿ ಬಟ್ಟೆಯನ್ನು ಯಾಕೆ ಮೊಳದಲ್ಲಿ ಕೊಡುವುದಿಲ್ಲ ಅಂತ ಅವಳೇ ಕೇಳಿದಳು. ಮೀಟರ್ ಟೇಪು ಆಗ ತೆಗೆದೆ.

ಹಾಗಾಗಿ ನಮ್ಮಲ್ಲಿ ಈಗ ಕನ್ನಡ ನಲಿ-ಕಲಿ, ಗಣಿತ ಎನ್‌ಸಿಇಆರ್‌ಟಿ ಮತ್ತು ಮಣಿ, ಉಳಿದದ್ದು ಕೆರೆ ಏರಿ ಮತ್ತು ಅಡುಗೆಮನೆ. ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಾದರೆ, ನೋಡಿಕೊಳ್ಳುವ ಅಜ್ಜಿಗೆ ಇಂಗ್ಲಿಷ್ ಬಾರದಿದ್ದರೆ, ನಲಿ-ಕಲಿಯೊಂದೇ ಸಾಕು ಅನ್ನುತ್ತೇನೆ. ಮನೆಯಲ್ಲಿ ಇಂಗ್ಲಿಷೇ ಮಾತಾಡುವವರಾದರೆ, ಒಂದೆರಡು ವರ್ಷದಲ್ಲಿ ಹೊರದೇಶಕ್ಕೆ ಹೋಗುವವರಾದರೆ, ಪೆಟ್ಟಿಗೆಯೇ ಸರಿ. ಮೂರು-ನಾಲ್ಕು ಮನೆಯವರು ಸೇರಿ ಮಕ್ಕಳನ್ನು ಒಟ್ಟಿಗೆ ಕೂರಿಸುವುದಾದರೆ ಮಾಂಟೆಸ್ಸರಿ ಸಾಮಾನಿಗೆ ಹಾಕಿದ ದುಡ್ಡು ಹುಟ್ಟುತ್ತದೆ.

ಓದಲು ಕಥೆ ಬೇಕಾದರೆ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ವೆಬ್‌ಸೈಟಿನಲ್ಲಿ ಕನ್ನಡದ್ದು ಪುಕ್ಕಟೆ ಸಿಗುತ್ತವೆ, ಹಂತ ಹಂತವಾಗಿ ಇಟ್ಟಿದ್ದಾರೆ. ಮೊದಲ ಹಂತದ ಪುಸ್ತಕದಲ್ಲೂ ಒತ್ತಕ್ಷರ ಬರುತ್ತದೆ. ಕಾಗುಣಿತ ಮುಗಿಯುವವರೆಗೆ ನೀವು ಓದಿ, ಮಗು ಕೇಳಲಿ. ನಲಿ-ಕಲಿ ಕಾರ್ಡು ಪ್ರಿಂಟ್ ಹಾಕಿಸುವವರು ಒಂದು ತರಗತಿಯದ್ದನ್ನು ಒಟ್ಟಿಗೆ ಕೊಡಿ, ಲ್ಯಾಮಿನೇಷನ್ ಬಿಡಿಬಿಡಿಯಾಗಿ ಮಾಡಿಸಿದರೆ ಸುಮ್ನೆ ಜಾಸ್ತಿ ಬೀಳುತ್ತದೆ.