ಔಷಧಿ ಒಳಗೆ ಹೋಯಿತೇ? ನಮ್ಮ ಮನೆಯಲ್ಲಿ ಬಳಸಿ ನೋಡಿದ ಐದು ಇಂಜೆಕ್ಷನ್ ಸಾಧನಗಳು

ಅಮ್ಮನಿಗೆ ಈಗ 71. ಬೆಳಿಗ್ಗೆ 22, ರಾತ್ರಿ 14 ಯೂನಿಟ್ ಇನ್ಸುಲಿನ್ ತೆಗೆದುಕೊಳ್ಳುತ್ತಾಳೆ. ಕಣ್ಣಿನ ಪೊರೆ ತೆಗೆಸಿದ ಮೇಲೂ ಸಣ್ಣ ಅಂಕಿಗಳು ಸರಿಯಾಗಿ ಕಾಣುವುದಿಲ್ಲ. ಹೆಬ್ಬೆರಳಿನ ಗಂಟು ನೋವು ಬೇರೆ. ನನಗೆ ಬೆನ್ನುಮೂಳೆಯ ಸಂಧಿವಾತ. ಹದಿನೈದು ದಿನಕ್ಕೊಮ್ಮೆ ನಾನೂ ಇಂಜೆಕ್ಷನ್ ಚುಚ್ಚಿಕೊಳ್ಳಬೇಕು. ಹೀಗೆ ಎಂಟು ವರ್ಷಗಳಲ್ಲಿ ನಮ್ಮ ಮನೆಗೆ ಐದು ಬಗೆಯ ಸಾಧನಗಳು ಬಂದಿವೆ. ಬೆಲೆಯನ್ನಾಗಲಿ ನೋವನ್ನಾಗಲಿ ಇಲ್ಲಿ ಹೋಲಿಸುತ್ತಿಲ್ಲ. ಔಷಧಿ ಎಷ್ಟು ಹೋಯಿತು, ಪೂರ್ತಿ ಹೋಯಿತೇ ಎಂಬುದನ್ನು ಯಾವುದು ಸ್ಪಷ್ಟವಾಗಿ ತಿಳಿಸುತ್ತದೆ ಎಂಬುದಷ್ಟೇ ನನ್ನ ಪ್ರಶ್ನೆ.

ಮೊದಲಿಗೆ ಇದ್ದದ್ದು ಬಾಟಲಿ ಮತ್ತು ಸಿರಿಂಜ್. ನಮ್ಮಲ್ಲಿ ಹೆಚ್ಚಾಗಿ ಸಿಗುವ ಬಾಟಲಿಯಲ್ಲಿ ಮಿಲಿಗೆ 40 ಯೂನಿಟ್ ಇರುತ್ತದೆ. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಮಿಲಿಗೆ 100 ಯೂನಿಟ್ ಇರುವುದಕ್ಕೆ ಕಿತ್ತಳೆ ಮುಚ್ಚಳದ್ದು. ಮಿಲಿಗೆ 100 ಇರುವ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 22ರ ಗೆರೆಯವರೆಗೆ ಎಳೆದರೆ ಮೈಗೆ ಹೋಗುವುದು 55 ಯೂನಿಟ್. ಈ ಅಪಾಯವನ್ನು ಸಿರಿಂಜ್ ತಾನಾಗಿ ತಿಳಿಸಲಾರದು. ಆದರೆ ಅದಕ್ಕೊಂದು ಗುಣವಿತ್ತು: ಔಷಧಿ ತಳ್ಳುವ ದಂಡ (ಪ್ಲಂಜರ್) ತಳ ಮುಟ್ಟಿದ್ದು ಕಣ್ಣಿಗೆ ಕಾಣುತ್ತಿತ್ತು, ಬಳಸಿದ ಸಿರಿಂಜ್ ಡಬ್ಬಿಯಲ್ಲಿ ಸಾಕ್ಷಿಯಾಗಿ ಬಿದ್ದಿರುತ್ತಿತ್ತು. ಆ ಸಾಕ್ಷಿಯ ಬೆಲೆ ನನಗೆ ಆಗ ತಿಳಿಯಲಿಲ್ಲ.

ಆಮೇಲೆ ಬಂದದ್ದು ಗುಂಡಿ ಒತ್ತುವ ಸಾಧಾರಣ ಇನ್ಸುಲಿನ್ ಪೆನ್, ಅಂದರೆ ಬರೆಯುವ ಪೆನ್ನಿನಂತೆ ಕಾಣುವ ಇಂಜೆಕ್ಷನ್ ಸಾಧನ. ಹಿಂಬದಿಯನ್ನು ತಿರುಗಿಸಿದರೆ ಯೂನಿಟ್‌ಗೊಂದು ಟಿಕ್. ತಿರುಗಿಸಿದಷ್ಟೂ ಗುಂಡಿ ಹೊರಗೆ ಬರುತ್ತದೆ, ಒತ್ತಿದಂತೆ ಒಳಗೆ ಹೋಗುತ್ತದೆ, ಕಿಟಕಿಯಲ್ಲಿ ಅಂಕಿ ಸೊನ್ನೆಗೆ ಇಳಿಯುತ್ತದೆ. ಕೈಗೂ ಕಿವಿಗೂ ಕಣ್ಣಿಗೂ ಒಟ್ಟಿಗೆ ಸುದ್ದಿ ಮುಟ್ಟುತ್ತದೆ ಎಂದು ನಾನು ಮೆಚ್ಚಿದ್ದೆ. ತೊಡಕುಗಳು ಬಳಸುತ್ತಾ ಗೊತ್ತಾದವು. ಅಮ್ಮನ ಹೆಬ್ಬೆರಳಿಗೆ 22 ಯೂನಿಟ್‌ನಷ್ಟು ಉದ್ದಕ್ಕೆ ಹೊರಬಂದ ಗುಂಡಿ ಭಾರವಾಗುತ್ತಿತ್ತು. ಕೊನೆಯ ಎರಡು ಯೂನಿಟ್ ಉಳಿದಿರುವಾಗಲೇ ಆಯಿತೆಂದು ಸೂಜಿ ತೆಗೆದುಬಿಡುತ್ತಿದ್ದಳು. ಸೂಜಿ ಕಟ್ಟಿಕೊಂಡಾಗಲೂ ಗುಂಡಿ ಬಿಗಿಯಾಗುತ್ತದೆ, ಮುಗಿದಾಗಲೂ ಬಿಗಿಯಾಗುತ್ತದೆ. ಬೆರಳಿಗೆ ಎರಡೂ ಒಂದೇ.

ಎಲ್ಲಕ್ಕಿಂತ ದೊಡ್ಡ ದೋಷ ಆ ಸೊನ್ನೆಯಲ್ಲೇ ಇತ್ತು. ಒಂದು ರಾತ್ರಿ ನಾನು ಮನೆಗೆ ಬಂದು, "ಇನ್ಸುಲಿನ್ ಆಯಿತೇ ಅಮ್ಮಾ?" ಎಂದೆ. "ಇಲ್ಲ ಅಂತ ಕಾಣುತ್ತದೆ ಕಣೋ" ಎಂದಳು. ಪೆನ್ ನೋಡಿದೆ: ಸೊನ್ನೆ. ತೆಗೆದುಕೊಳ್ಳುವ ಮೊದಲೂ ಸೊನ್ನೆಯೇ, ತೆಗೆದುಕೊಂಡ ಮೇಲೂ ಸೊನ್ನೆಯೇ! ನಾನೇ ಕೈಯಾರೆ ಮತ್ತೆ 14 ಯೂನಿಟ್ ಕೊಟ್ಟೆ. ನಡುರಾತ್ರಿ ಅಮ್ಮ ಬೆವರಿ ನಡುಗುತ್ತಿದ್ದಳು, ಶುಗರ್ 52ಕ್ಕೆ ಇಳಿದಿತ್ತು. ಸಕ್ಕರೆ ನೀರು ಕುಡಿಸಿ ಬೆಳಗಿನವರೆಗೂ ಪಕ್ಕದಲ್ಲೇ ಕುಳಿತಿದ್ದೆ. ಬೆಳಿಗ್ಗೆ ದೇವರಮನೆಯ ಕಿಟಕಿಯ ಮೇಲೆ ಬಳಸಿದ ಸೂಜಿಯ ಮುಚ್ಚಳ ಸಿಕ್ಕಿತು. ಅವಳು ಮೊದಲೇ ತೆಗೆದುಕೊಂಡಿದ್ದಳು.

ವೈದ್ಯರು ಇನ್ಸುಲಿನ್ ಬದಲಿಸಿದಾಗ ಸ್ಪ್ರಿಂಗ್ ಇರುವ ಪೆನ್ ಬಂತು. ಎಷ್ಟು ತಿರುಗಿಸಿದರೂ ಗುಂಡಿ ಹೊರಗೆ ಬರುವುದಿಲ್ಲ. ಮೆಲ್ಲಗೆ ಒತ್ತಿದರೆ ಸಾಕು, ಉಳಿದದ್ದನ್ನು ಸ್ಪ್ರಿಂಗ್ ಮಾಡುತ್ತದೆ, ಸೊನ್ನೆಗೆ ಬಂದಾಗ ಒಂದು ಟಿಕ್. ಅಮ್ಮನ ಬೆರಳಿಗೆ ಇದು ದೊಡ್ಡ ನೆಮ್ಮದಿ. ಒಮ್ಮೆ ಸೂಜಿ ಕಟ್ಟಿಕೊಂಡಿತ್ತು. ಎಷ್ಟು ಹೊತ್ತು ಒತ್ತಿ ಹಿಡಿದರೂ ಅಂಕಿ 14 ಬಿಟ್ಟು ಕದಲಲಿಲ್ಲ. ಸೂಜಿ ಬದಲಿಸಿದೆವು, ಅಷ್ಟೇ. ಹಳೆಯ ಪೆನ್ನಿಗೆ ಬೆರಳಿನ ಬಿಗಿಯಲ್ಲಿ ಹೇಳಲಾಗದ್ದನ್ನು ಇದು ಅಂಕಿಯಲ್ಲೇ ಹೇಳಿತು. ಹೀಗೆ ತಪ್ಪನ್ನು ಎತ್ತಿ ತೋರಿಸುವ ವಿನ್ಯಾಸಕ್ಕೆ ನನ್ನ ಮನಸ್ಸಿನಲ್ಲಿ ಹೆಚ್ಚು ಗೌರವವಿದೆ. ಆದರೂ ಸೊನ್ನೆ ಬಂದೊಡನೆ ಸೂಜಿ ಎಳೆದರೆ ತುದಿಯಲ್ಲಿ ಹನಿ ನಿಲ್ಲುತ್ತದೆ. ಸಾಧನಕ್ಕೆ ತಕ್ಕಂತೆ ಆರು ಅಥವಾ ಹತ್ತು ಸೆಕೆಂಡ್ ಒಳಗೇ ಇರಿಸಿರಬೇಕು. ಆ ಕಾಯುವಿಕೆ ಮುಗಿಯಿತೆಂದು ಹೇಳುವ ಎರಡನೆಯ ಟಿಕ್ ಏಕಿಲ್ಲ ಎಂದು ಪ್ರತಿ ಸಲವೂ ಅನ್ನಿಸುತ್ತದೆ.

ಸಂಧಿವಾತಕ್ಕೆ ನಾನು ಬಳಸುವುದು ಆಟೊಇಂಜೆಕ್ಟರ್, ಮೈಗೆ ಒತ್ತಿದರೆ ತಾನೇ ಚುಚ್ಚಿ ಔಷಧಿ ಬಿಡುವ ಸಾಧನ. ಅದರಲ್ಲಿ ಎರಡು ಟಿಕ್ ಇವೆ: ಶುರುವಾದಾಗ ಒಂದು, ಮುಗಿಯುವಾಗ ಇನ್ನೊಂದು. ಡೋಸ್ ಮೊದಲೇ ನಿಗದಿಯಾಗಿರುವುದರಿಂದ ತಿರುಗಿಸುವ ಗೋಜಿಲ್ಲ. ಕಿಟಕಿ ಪೂರ್ತಿ ಬಣ್ಣ ತುಂಬಿದರೆ ಔಷಧಿ ಖಾಲಿಯಾಗಿದೆ ಎಂದರ್ಥ. ಆದರೆ ಹೊಟ್ಟೆಗೆ ಒತ್ತಿ ಹಿಡಿದಾಗ ನನ್ನ ಮುಷ್ಟಿಯೇ ಆ ಕಿಟಕಿಯನ್ನು ಮುಚ್ಚಿತ್ತು. ಹೊರಗೆ ಲಾರಿ ಹಾರ್ನ್ ಹೊಡೆಯುತ್ತಿತ್ತು. ಮೊದಲ ಟಿಕ್ ಆ ಸದ್ದಿನಲ್ಲಿ ಕೇಳಿಸಲಿಲ್ಲವೆಂದುಕೊಂಡು, ಕೇಳಿದ್ದನ್ನೇ ಎರಡನೆಯದೆಂದು ತಿಳಿದು, ಸಾಧನವನ್ನು ಎತ್ತಿಬಿಟ್ಟೆ. ಹದಿನೈದು ದಿನದ ಔಷಧಿ ಹೊಟ್ಟೆಯ ಮೇಲೆ ಹರಿಯಿತು. ಎಷ್ಟು ಒಳಗೆ ಹೋಗಿದೆ ಎಂದು ತಿಳಿಯುವ ದಾರಿಯಿರಲಿಲ್ಲ. ಶುರುವಿಗೂ ಮುಕ್ತಾಯಕ್ಕೂ ಒಂದೇ ಸದ್ದು ಇಟ್ಟದ್ದು ಸರಿಯಲ್ಲ. ಈಗ ತೊಡೆಗೆ ಚುಚ್ಚಿಕೊಳ್ಳುತ್ತೇನೆ, ಕಿಟಕಿ ನನ್ನ ಕಡೆಗೇ ಇರುವಂತೆ ಹಿಡಿಯುತ್ತೇನೆ.

ಕೊನೆಯದು, ಕಳೆದ ವರ್ಷ ನನ್ನ ತಮ್ಮ ಜರ್ಮನಿಯಿಂದ ತಂದ ನೋವೋಪೆನ್ 6 ಎಂಬ ಇನ್ಸುಲಿನ್ ಪೆನ್. ಇದು ಗುಂಡಿ ಒತ್ತುವ ಬಗೆಯದೇ. ಹಾಗಾಗಿ ಅಮ್ಮನ ಹೆಬ್ಬೆರಳಿಗೆ ಮತ್ತೆ ಕಷ್ಟ. ಆದರೆ ತುದಿಯ ಪುಟ್ಟ ಪರದೆಯಲ್ಲಿ ಕೊನೆಯ ಡೋಸ್ ಎಷ್ಟು, ಅದಾಗಿ ಎಷ್ಟು ಹೊತ್ತಾಯಿತು ಎಂಬುದು ಮೂಡುತ್ತದೆ. ಹಿಂದಿನ 800 ಡೋಸ್‌ಗಳ ಲೆಕ್ಕವನ್ನು ಮೊಬೈಲಿಗೆ ಇಳಿಸಿಕೊಳ್ಳಬಹುದು. ಬ್ಯಾಟರಿ ಬದಲಿಸಲು ಬರುವುದಿಲ್ಲ ಎಂಬುದು ನನಗೆ ಹಿಡಿಸಿಲ್ಲ. ಪೆನ್ನಿನಿಂದ ಹೊರಬಂದದ್ದು ಇದಕ್ಕೆ ಗೊತ್ತು, ಚರ್ಮದ ಕೆಳಗೆ ಸೇರಿತೇ ಎಂಬುದು ಇದಕ್ಕೂ ಗೊತ್ತಿಲ್ಲ.

ಆದರೂ ಅಮ್ಮನ ಪಾಲಿಗೆ ನಾನು ಆರಿಸಿರುವುದು ಇದನ್ನೇ. ಸ್ಪ್ರಿಂಗ್ ಪೆನ್ನಿನ ಹಗುರ ಗುಂಡಿಯೂ ಈ ನೆನಪೂ ಒಂದರಲ್ಲೇ ಸೇರಿದ್ದರೆ ಎರಡನೆಯ ಮಾತಿಲ್ಲದೆ ಕೊಳ್ಳುತ್ತಿದ್ದೆ. ಸದ್ಯಕ್ಕೆ ಬೆಳಗಿನ 22ಕ್ಕೆ ಗುಂಡಿಯನ್ನು ನಾನು ಒತ್ತುತ್ತೇನೆ, ರಾತ್ರಿಯ 14ನ್ನು ಅವಳೇ ನಿಭಾಯಿಸುತ್ತಾಳೆ. ನಾನು ಮನೆಗೆ ಬಂದಾಗ ಅಮ್ಮನನ್ನು ಏನೂ ಕೇಳುವುದಿಲ್ಲ. ಪೆನ್ನಿನ ತುದಿ ನೋಡುತ್ತೇನೆ, ತಟ್ಟೆ ಹಾಕುತ್ತೇನೆ.