ರಬ್ಬರ್ ಕೈಬಲೆ: ಆರು ತಿಂಗಳು ಬಳಸಿದ ಮೇಲೆ ಬರೀತಿದೀನಿ

ಗಾಳ ಹಾಕೋರು ದಯವಿಟ್ಟು ಪೂರ್ತಿ ಓದಿ. ನಾವೆಲ್ಲ ರಾಡು ರೀಲಿಗೆ ಐದಾರು ಸಾವಿರ ಸುರೀತೀವಿ, ಮೀನನ್ನ ನೀರಿಂದ ಎತ್ತೋ ಬಲೆಗೆ ಮಾತ್ರ ಇನ್ನೂರು ರೂಪಾಯಿದು ಸಾಕು ಅಂತೀವಿ. ನಾನೂ ಹಂಗೇ ಇದ್ದೆ.

ಹಾಸನದಲ್ಲಿ ನಾನು ಯಾವಾಗ್ಲೂ ದಾರ, ಗಾಳ ತಗೊಳ್ಳೋ ಚಿಕ್ಕ ಅಂಗಡಿ ಇದೆ. ಅಲ್ಲಿ ನೈಲಾನ್ ಬಲೆ ಕೇಳಿದ್ದಕ್ಕೆ ಅಂಗಡಿಯವರು "ಹೊಳೇಲಿ ಹಾಕ್ತೀರ ಅಂದ್ರೆ ಅದು ಬೇಡ ಸಾರ್, ಗಂಟು ಉಜ್ಜಿ ಮೀನಿನ ಲೋಳೆ ಎಲ್ಲ ಹೋಗ್ಬಿಡುತ್ತೆ, ವಾಪಸ್ ಬಿಟ್ರೂ ಬದುಕಲ್ಲ" ಅಂತ ಹೇಳಿ 1,150 ರೂಪಾಯಿದು ರಬ್ಬರ್ ಬಲೆ ಕೊಟ್ರು. ಗಾಳದ ತುದೀಲಿ ಹಿಂದಕ್ಕೆ ಚಾಚಿರೋ ಮುಳ್ಳನ್ನೂ ಅಲ್ಲೇ ಇಕ್ಕಳದಲ್ಲಿ ಒತ್ತಿ ಕೂರಿಸಿಕೊಟ್ರು, ದುಡ್ಡು ತಗೊಳ್ಳಲಿಲ್ಲ.

ಜನವರೀಲಿ ಕೊಣನೂರಿನ ಹತ್ರ ಸ್ನೇಹಿತನ ಊರಿಗೆ ಹೋಗಿದ್ವಿ. ಅವರ ಗದ್ದೆ ಪಕ್ಕಾನೇ ಕಾವೇರಿ, ಅಲ್ಲಿ ಮೀನು ಹಿಡಿಯೋ ಟೆಂಡರ್ ತಗೊಂಡಿರೋರನ್ನ ಕೇಳ್ಕೊಂಡೇ ಕೂತಿದ್ದು. ಗೆಂಡೆ ಸಿಗ್ಲಿ ಅಂತ ಬೇಯಿಸಿದ ರಾಗಿ ಹಿಟ್ಟಿನ ಉಂಡೆ ಹಾಕಿ ಒಂದು ಗಂಟೆ ಸುಮ್ನೆ ಕೂತೆ. ಆಮೇಲೆ ರಾಡು ಹಂಗೇ ಬಗ್ಗಿ ರೀಲು ಕಿರುಚಕ್ಕೆ ಶುರು ಮಾಡ್ತು, ಮೀನು ಸೀದಾ ಮಡುವಿನ ಕಡೆ ನುಗ್ತು, ಬಂಡೆ ಸಂದಿಗೆ ಹೋದ್ರೆ ದಾರ ತುಂಡಾಗುತ್ತೆ ಅಂತ ನಾನು ಮೊಣಕಾಲುದ್ದ ನೀರಿಗೆ ಇಳಿದು ಹತ್ತು ಹದಿನೈದು ನಿಮಿಷ ಬಿಡೋದು ಎಳೆಯೋದು ಮಾಡಿ ಕೊನೆಗೆ ಬಲೆ ಅಡಿಗೆ ಕೊಟ್ಟೆ.

ನೋಡಿದ್ರೆ ಗೆಂಡೆ ಅಲ್ಲ. ದಪ್ಪ ತುಟಿ, ಅಂಗೈ ಅರ್ಧದಷ್ಟು ದೊಡ್ಡ ಹುರುಪೆ, ತಲೆ ಹಿಂದೆ ಬೆನ್ನು ಗೂನಿನ ಥರ ಎದ್ದಿದೆ, ರೆಕ್ಕೆ ಬಾಲ ಎಲ್ಲ ಕೇಸರಿ. ಚಿಕ್ಕೋನಿದ್ದಾಗ ರಾಮನಾಥಪುರದ ದೇವಸ್ಥಾನದ ಹತ್ರ ಹೊಳೇಲಿ ದೇವರ ಮೀನಿಗೆ ಕಡ್ಲೆಪುರಿ ಹಾಕ್ತಿದ್ವಲ್ಲ, ಅದೇ ತುಟಿ ಕಣ್ಮುಂದೆ ಬಂತು. ಸ್ನೇಹಿತನ ಅಪ್ಪ ದಡದಿಂದ "ಲೋ ಮಗ, ಬಿಳಿ ಮೀನು ಕಣೋ ಅದು! ಕೆಂಪು ರೆಕ್ಕೇದು ನೋಡಿ ಇಪ್ಪತ್ ವರ್ಷ ಆಗಿತ್ತು, ಮೇಲಕ್ಕೆ ಎತ್ತಬ್ಯಾಡ" ಅಂತ ಕೂಗಿದ್ರು. ಮಹಶೀರ್ ಮೀನಿಗೆ ನಮ್ಮ ಕಡೆ ಬಿಳಿ ಮೀನು ಅಂತಾರೆ. ನನ್ನ ಕೈ ನಡುಗ್ತಿತ್ತು.

ಬಲೆ ಏನು ಅಂತ ಗೊತ್ತಾಗಿದ್ದು ಆವಾಗ. ಆಳವಾಗಿದೆ, ಹಂಗಾಗಿ ಮೂರ್ನಾಲ್ಕು ಕೆಜಿ ಮೀನು ಬಲೆ ಒಳಗೇ, ನೀರಲ್ಲೇ ಆರಾಮಾಗಿ ನಿಲ್ತು. ರೆಕ್ಕೆ ಎಲ್ಲೂ ಸಿಕ್ಕಾಕ್ಕೊಂಡು ಸೀಳಲಿಲ್ಲ, ಒಂದು ಹುರುಪೆನೂ ಉದುರಲಿಲ್ಲ, ಗಾಳ ಬಲೆಗೆ ಕಚ್ಕೊಳ್ಳಲೇ ಇಲ್ಲ. ಮುಳ್ಳು ಒತ್ತಿದ್ದರಿಂದ ಗಾಳ ಒಂದೇ ಸಲಕ್ಕೆ ಬಂತು. ನೀರಲ್ಲೇ ಒಂದು ಫೋಟೋ, ಆಮೇಲೆ ಬಲೆ ಬಗ್ಗಿಸಿ ತಲೆನ ನೀರು ಬರೋ ಕಡೆಗೆ ತಿರುಗಿಸಿ ಹಿಡ್ಕೊಂಡಿದ್ದೆ, ಸ್ವಲ್ಪ ಹೊತ್ತಿಗೆ ಬಾಲ ಒದ್ದು ಹೋಯ್ತು.

ಫೋಟೋನ ಮೀನುಗಾರಿಕೆ ಪಾಠ ಮಾಡೋ ಪರಿಚಯದವರಿಗೆ ಕಳಿಸಿದೆ. ಗೂನುಬೆನ್ನಿನ ಮಹಶೀರ್ ಅಂತ ಹೇಳಿದ್ರು. ಕಾವೇರಿ, ಅದರ ಉಪನದಿ ಬಿಟ್ರೆ ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲದ ಮೀನು ಇದು. 1946ರಲ್ಲಿ ಕಬಿನೀಲಿ 120 ಪೌಂಡಿಂದು, ಅಂದ್ರೆ 54 ಕೆಜಿದು ಗಾಳಕ್ಕೆ ಬಿದ್ದಿತ್ತು. ಅಷ್ಟು ಹೆಸರುವಾಸಿ ಮೀನಿಗೆ ಟಾರ್ ರೆಮಾದೇವಿ ಅನ್ನೋ ವೈಜ್ಞಾನಿಕ ಹೆಸರು ಖಚಿತ ಆಗಿದ್ದು 2018ರಲ್ಲಿ, ಅದೇ ವರ್ಷ ಯಾವ ಜೀವಿ ಅಳಿವಿನಂಚಲ್ಲಿದೆ ಅಂತ ಪಟ್ಟಿ ಮಾಡೋ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಇದನ್ನ ತೀವ್ರ ಅಳಿವಿನಂಚಿನ ಪಟ್ಟಿಗೆ ಸೇರಿಸ್ತು. ಅಣೆಕಟ್ಟು, ಮರಳು ತೆಗೆಯೋದು, ಸಿಡಿಮದ್ದು ಹಾಕಿ ಮೀನು ಹಿಡಿಯೋದು ಎಲ್ಲ ಸೇರಿ ಹಿಂಗಾಗಿದೆ. ಮಹಾರಾಷ್ಟ್ರದ ಲೋನಾವಳಾದಲ್ಲಿ ಮರಿ ಮಾಡಿಸಿದ ನೀಲಿ ರೆಕ್ಕೆ ಮಹಶೀರ್ ಅನ್ನೋ ಬೇರೆ ಜಾತಿನ ಒಳ್ಳೇದಕ್ಕೇ ಅಂತ ಕಾವೇರಿಗೆ ಬಿಟ್ರು, ಈಗ ಹೊಳೇಲಿ ಹೆಚ್ಚು ಸಿಗೋದು ಅದೇ. ಇದನ್ನ ಕೇಳಿ ನಂಗೆ ರಾತ್ರಿ ನಿದ್ದೆ ಬರಲಿಲ್ಲ, ಹಳೇ ನೈಲಾನ್ ಬಲೇಲಿ ಎತ್ತಿ ಕಲ್ಲಿನ ಮೇಲೆ ಹಾಕಿದ್ದಿದ್ರೆ ಏನ್ ಗತಿ ಅಂತ.

ಬಲೇಲಿ ತೊಂದ್ರೆನೂ ಇದೆ. ಭಾರ, ಅರ್ಧ ದಿನ ಹೊತ್ರೆ ಭುಜ ನೋಯುತ್ತೆ. ಹಿಡಿಯ ಲಾಕ್ ಪ್ಲಾಸ್ಟಿಕ್, ನಾಲ್ಕನೇ ತಿಂಗಳಿಗೆ ಜಾರಕ್ಕೆ ಶುರುವಾಯ್ತು, ತುಂಬಿದ ಬಲೆ ಎತ್ತೋವಾಗ ಹಿಡಿ ತಿರುಗಿಬಿಡುತ್ತೆ. ಹಾರ್ಡ್‌ವೇರ್ ಅಂಗಡಿಯಿಂದ ಪೈಪಿಗೆ ಹಾಕೋ ಕ್ಲಾಂಪ್ ತಂದು ಬಿಗಿದಿದೀನಿ, ಈಗ ಗಟ್ಟಿಯಾಗಿದೆ. ಬಲೆ ಭಾಗ ಮಾತ್ರ ಇನ್ನೂ ಹೊಸದರ ಥರಾನೇ ಇದೆ, ಐದಕ್ಕೆ ನಾಲ್ಕು ಸ್ಟಾರ್. ತಗೊಳ್ಳೋವಾಗ ಕೈ ಹಾಕಿ ನೋಡಿ, ಕೆಲವು ಬಲೆ ನೋಡಕ್ಕೆ ರಬ್ಬರ್ ಥರ ಇರುತ್ತೆ, ಮೇಲೆ ತೆಳು ಲೇಪ, ಒಳಗೆ ಅದೇ ಗಂಟಿನ ನೈಲಾನ್.